ಕೊಡುವ ಅನ್ನ, ಕಳೆಯುವ ಅನ್ನ

ಅನ್ನವು ಜೀವಿಗೆ ಬಲವನ್ನು ಕೊಡುತ್ತದೆ ಎಂಬುದು ಪ್ರಮಾಣದ ಅಗತ್ಯವಿಲ್ಲದ ಮಾತು. ಹಸಿದವನು ಉಣ್ಣುತ್ತಾನೆ, ಉಂಡವನು ದುಡಿಯುತ್ತಾನೆ, ದುಡಿದವನು ಮತ್ತೆ ಹಸಿಯುತ್ತಾನೆ. ಲೋಕದ ಬಾಳು ಈ ಚಕ್ರದ ಮೇಲೆಯೇ ನಿಂತಿದೆ. ಆದರೆ ಈಚಿನ ವರ್ಷಗಳಲ್ಲಿ ಇದಕ್ಕೆ ವಿಪರೀತವಾದ ಒಂದು ಮಾತು ವಿದ್ಯಾವಂತರ ನಡುವೆ ಬಳಕೆಗೆ ಬಂದಿದೆ. ಕೆಲವು ಆಹಾರಗಳು ತಾವು ಕೊಡುವ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ತಮ್ಮ ಜೀರ್ಣಕ್ರಿಯೆಗೇ ವ್ಯಯಮಾಡಿಸುತ್ತವೆಯಂತೆ. ಅವನ್ನು ತಿಂದಷ್ಟೂ ದೇಹ ಕೃಶವಾಗುತ್ತದೆಯಂತೆ. ಸೌತೆಕಾಯಿ, ಎಲೆಕೋಸು, ಸೊಪ್ಪು, ಪಾಶ್ಚಾತ್ಯರು ಹಸಿಯಾಗಿಯೇ ಕಡಿದು ತಿನ್ನುವ ಸೆಲರಿ ಎಂಬ ದಂಟು ಇವೆಲ್ಲವೂ ಈ ಪಟ್ಟಿಯಲ್ಲಿ ಸೇರಿವೆ. ಮೇಲ್ನೋಟಕ್ಕೆ ಇದು ವೈದ್ಯರಿಗೆ ಬಿಡತಕ್ಕ ವಿಷಯವೆಂದು ತೋರಬಹುದು. ಆದರೆ ಒಳಹೊಕ್ಕು ನೋಡಿದರೆ ಇದರಲ್ಲಿ ಒಂದು ಧರ್ಮಪ್ರಶ್ನೆ ಅಡಗಿದೆ. ಪಡೆದ ವಸ್ತುವು ಪಡೆದವನನ್ನೇ ಬಡವನನ್ನಾಗಿ ಮಾಡಬಲ್ಲುದೆ? ಅನ್ನವೆಂಬ ಹೆಸರಿನಲ್ಲಿ ಕೈಗೆ ಬಂದುದು ಸಾಲವಾಗಿ ಪರಿಣಮಿಸಬಲ್ಲುದೆ? ಇದನ್ನು ನಾವು ವಿಚಾರಿಸಿ ನೋಡಬೇಕಾಗಿದೆ.

ಈ ವಿಚಾರಕ್ಕೆ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗಿಂತ ತಕ್ಕ ನೆಲೆ ಬೇರೊಂದು ದೊರೆಯದು. ಒಂದು ಕಡೆ ಶಿವಗಂಗೆಯ ಬೆಟ್ಟ. ಅದರ ಸುತ್ತಲಿನ ಕೆಮ್ಮಣ್ಣಿನ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ರಾಗಿ, ಅದರ ಸಾಲುಗಳ ನಡುವೆ ಅವರೆ. ಇನ್ನೊಂದು ಕಡೆ ಹೆದ್ದಾರಿಯ ಬದಿಯಲ್ಲಿ ದಾಬಸ್‌ಪೇಟೆಯ ನೆರೆಯಲ್ಲಿ ಎದ್ದುನಿಂತ ಕೈಗಾರಿಕಾ ಪ್ರದೇಶ. ನೇಗಿಲು ಹಿಡಿದು, ಕಳೆ ಕಿತ್ತು, ತೆನೆ ಕೊಯ್ದು, ಕಣದಲ್ಲಿ ದುಡಿದ ತಲೆಮಾರಿನ ಮಕ್ಕಳು ಇಂದು ಕುರ್ಚಿಯಲ್ಲಿ ಕುಳಿತು, ವಾಹನದಲ್ಲಿ ಸಂಚರಿಸಿ ಜೀವಿಸುತ್ತಿರುವುದನ್ನು ಇಲ್ಲಿ ಕಾಣಬಹುದು. ತಂದೆಯ ತಟ್ಟೆಯಲ್ಲಿದ್ದ ಮುದ್ದೆಯೇ ಮಗನ ತಟ್ಟೆಯಲ್ಲಿಯೂ ಇದೆ. ದುಡಿಮೆ ಮಾತ್ರ ಬೇರೆಯಾಗಿದೆ. ಮಗನಿಗೆ ಈಗ ಕೊಡದಿರುವ ಆಹಾರ ಬೇಕಾಗಿದೆ. ತಂದೆಗೆ ಇಂತಹ ಬಯಕೆ ಅರ್ಥವೇ ಆಗುತ್ತಿರಲಿಲ್ಲ.

ಮೊದಲು ಸತ್ಯವೇನೆಂಬುದನ್ನು ನೋಡೋಣ. ಆಹಾರದ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಿಂದ ಎಣಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್, ಅಮೆರಿಕದ ವಿಲ್ಬರ್ ಅಟ್‌ವಾಟರ್ ಮೊದಲಾದ ವಿದ್ವಾಂಸರು ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. ಅಟ್‌ವಾಟರರು ಮನುಷ್ಯನೊಬ್ಬನು ಹಲವು ದಿನ ಒಳಗಿದ್ದು ಉಂಡು ಮಲಗಿ ದುಡಿಯಬಹುದಾದಂತಹ ಒಂದು ಕೋಣೆಯನ್ನೇ ಕಟ್ಟಿಸಿ, ಅವನ ದೇಹದಿಂದ ಹೊರಬೀಳುವ ಶಾಖವನ್ನು ಅಳೆದರು. ಪಿಷ್ಟ ಮತ್ತು ಸಸಾರಜನಕಗಳಲ್ಲಿ ಗ್ರಾಮೊಂದಕ್ಕೆ 4, ಕೊಬ್ಬಿನಲ್ಲಿ 9 ಕ್ಯಾಲೊರಿ ಎಂದು ಇಂದಿಗೂ ನಾವು ಲೆಕ್ಕಹಾಕುವುದು ಅವರ ಶ್ರಮದ ಫಲವೇ. ಮಲಮೂತ್ರಗಳಲ್ಲಿ ವ್ಯರ್ಥವಾಗಿ ಹೋಗುವ ಭಾಗವನ್ನು ಕಳೆದ ಮೇಲೆ ಉಳಿಯುವ ಲೆಕ್ಕ ಇದು ಎಂಬುದನ್ನು ನೆನಪಿನಲ್ಲಿಡಬೇಕು.

ಊಟದ ತರುವಾಯ ದೇಹ ಕೊಂಚ ಬೆಚ್ಚಗಾಗುವುದನ್ನು ಎಲ್ಲರೂ ಬಲ್ಲರು. ಅಗಿಯುವುದಕ್ಕೆ, ಜಠರವನ್ನೂ ಕರುಳನ್ನೂ ಚಲಿಸುವುದಕ್ಕೆ, ರಸಗಳನ್ನು ಸ್ರವಿಸುವುದಕ್ಕೆ, ಹೀರಿದ ಸಾರವನ್ನು ಮೈಗೂಡಿಸಿಕೊಳ್ಳುವುದಕ್ಕೆ ದೇಹ ಕೂಲಿ ತೆರಬೇಕಾಗುತ್ತದೆ. ಈ ಕೂಲಿ ಎಲ್ಲ ಆಹಾರಕ್ಕೂ ಒಂದೇ ಸಮನಲ್ಲ. ಕೊಬ್ಬು ತಾನು ಕೊಡುವುದರಲ್ಲಿ ನೂರಕ್ಕೆ ಮೂರರಷ್ಟನ್ನು ಮಾತ್ರ, ಕೆಲವೊಮ್ಮೆ ಅದಕ್ಕೂ ಕಡಿಮೆಯನ್ನು, ಕೂಲಿಯಾಗಿ ಕೇಳುತ್ತದೆ. ಪಿಷ್ಟ ಐದರಿಂದ ಹತ್ತನ್ನು, ಸಸಾರಜನಕ ಇಪ್ಪತ್ತರಿಂದ ಮೂವತ್ತನ್ನು ಕೇಳುತ್ತದೆ. ನಮ್ಮ ಮಿಶ್ರಭೋಜನದಲ್ಲಿ ಒಟ್ಟಾರೆ ಹತ್ತರಲ್ಲಿ ಒಂದು ಪಾಲು ಎಂದರೆ ಸಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿಗಳಿವೆ. ಅದರಲ್ಲಿ 30ರಷ್ಟು ಜೀರ್ಣದ ಕೂಲಿಗೆ ಹೋದರೂ 290ರಷ್ಟು ಉಣ್ಣುವವನದೇ. 60 ಕಿಲೋ ತೂಕದವನು ಶಿವಗಂಗೆಯ ಮೆಟ್ಟಿಲುಗಳಲ್ಲಿ 50 ಮೀಟರ್ ಎತ್ತರ ಏರಿದರೆ ವ್ಯಯವಾಗುವ ಶಕ್ತಿಯೂ ಹೆಚ್ಚುಕಡಿಮೆ ಆ 30 ಕ್ಯಾಲೊರಿಯೇ. ಇಷ್ಟು ಅಲ್ಪ ಕೂಲಿಗೆ ದೇಹ ಇಷ್ಟು ದೊಡ್ಡ ಕೆಲಸವನ್ನು ಮುಗಿಸುತ್ತದೆ.

ಇನ್ನು ಸೌತೆಕಾಯಿಯ ವಿಷಯ. ಅದರ ಬಹುಭಾಗ ನೀರು. 100 ಗ್ರಾಮಿನಲ್ಲಿ ದೊರೆಯುವುದು ಸುಮಾರು 15 ಕ್ಯಾಲೊರಿ ಮಾತ್ರ. ಅದನ್ನು ಅಗಿಯಲು ಎಷ್ಟು ಬೇಕು? ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1999ರಲ್ಲಿ ಪ್ರಕಟಿಸಿದಂತೆ, ಒಂದು ಗಂಟೆ ಎಡೆಬಿಡದೆ ಅಂಟನ್ನು ಅಗಿದರೂ ಹೆಚ್ಚಾಗುವ ವ್ಯಯ ಸುಮಾರು 11 ಕ್ಯಾಲೊರಿ. ಹಾಗಾದರೆ ಐದು ನಿಮಿಷ ಅಗಿಯುವುದಕ್ಕೆ ಒಂದು ಕ್ಯಾಲೊರಿ. ಹೊರಗಿನ ತಂಪಿನಿಂದ ದೇಹದ ಬಿಸಿಗೆ ತರುವುದಕ್ಕೆ ಮತ್ತೊಂದು. ಜೀರ್ಣಿಸಿ ಮೈಗೂಡಿಸಿಕೊಳ್ಳುವುದಕ್ಕೆ ಎರಡು. ಎಷ್ಟೇ ಕೈಸಡಿಲಿಸಿ ಎಣಿಸಿದರೂ ಐದನ್ನು ದಾಟುವುದಿಲ್ಲ. ಹದಿನೈದು ಬಂದು ಐದು ಹೋದರೆ ಉಳಿದುದು ಹತ್ತು. ಸೌತೆಕಾಯಿ ಕಡುಬಡವನಾದ ದಾನಿ ನಿಜ. ಆದರೂ ಅದು ದಾನಿಯೇ ಹೊರತು ಕಳ್ಳನಲ್ಲ.

ಸೆಲರಿಯ ದಂಟಿನ ಮೇಲೆ ನೇರವಾದ ಪರೀಕ್ಷೆಯೂ ನಡೆದಿದೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು ಎಲೆದಂಟುಗಳನ್ನೂ ತಿನ್ನುವ ಒಂದು ಜಾತಿಯ ಓತಿಗಳಿಗೆ ಈ ದಂಟನ್ನೇ ತಿನ್ನಿಸಿ, ಒಳಬಂದುದನ್ನೂ ಹೊರಹೋದುದನ್ನೂ ಅಳೆದು 2019ರಲ್ಲಿ ತಿಳಿಸಿದರು. ಆಹಾರದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಜೀರ್ಣಕ್ಕೆ ವ್ಯಯವಾಯಿತು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಪಾಲು ಮಲಮೂತ್ರಗಳಲ್ಲಿ ಹೋಯಿತು. ಕೊನೆಗೂ ಕಾಲುಭಾಗದಷ್ಟು ಆ ಪ್ರಾಣಿಗಳ ಮೈಯಲ್ಲಿ ಉಳಿಯಿತು. ಪಟ್ಟಿಯ ಮೊದಲಿಗನೆನಿಸಿದ ದಂಟೇ ಹೀಗೆ ಕೊಟ್ಟು ಕಳುಹಿಸಿದ ಮೇಲೆ ಉಳಿದವುಗಳ ಮಾತೇನು? ವಿಷದ ವಸ್ತುವನ್ನೋ ಕೊಳೆತುದನ್ನೋ ತಿಂದು ವಾಂತಿಭೇದಿಯಾದರೆ ದೇಹ ಸೊರಗುವುದುಂಟು. ಆದರೆ ಅದು ರೋಗದ ವ್ಯಯ, ಜೀರ್ಣದ ವ್ಯಯವಲ್ಲ. ಆರೋಗ್ಯವಂತನು ತಿನ್ನುವ ಶುದ್ಧವಾದ ಆಹಾರಗಳಲ್ಲಿ, ಕೊಟ್ಟುದಕ್ಕಿಂತ ಹೆಚ್ಚನ್ನು ಜೀರ್ಣಕ್ಕೇ ಕಸಿದುಕೊಳ್ಳುವಂತಹುದು ಇದುವರೆಗೆ ಕಂಡುಬಂದಿಲ್ಲ.

ಹಾಗಿದ್ದರೆ ಸೊಪ್ಪು ಸೌತೆಗಳನ್ನು ತಿಂದು ತೂಕ ಇಳಿಸಿಕೊಂಡವರು ಸುಳ್ಳಾಡುತ್ತಾರೆಯೆ? ಇಲ್ಲ. ಇಲ್ಲಿ ಎರಡು ಲೆಕ್ಕಗಳು ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡಬೇಕು. ಮೊದಲನೆಯದು ತಿಂದ ಪದಾರ್ಥದ ಲೆಕ್ಕ: ಅದು ಕೊಟ್ಟುದೆಷ್ಟು, ಅದಕ್ಕೆ ತೆತ್ತ ಕೂಲಿ ಎಷ್ಟು. ಎರಡನೆಯದು ಮನೆಯ ಲೆಕ್ಕ: ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ, ಮೈಯ ಬಿಸಿಗೆ ಪ್ರೌಢನಾದವನ ದೇಹ ದಿನಕ್ಕೆ 1,400 ಕ್ಯಾಲೊರಿಗಳಷ್ಟನ್ನು ವ್ಯಯಿಸುತ್ತದೆ. ಆ ವೆಚ್ಚವನ್ನು ಸೌತೆಕಾಯಿಯಿಂದಲೇ ತುಂಬಬೇಕಾದರೆ ಒಂಬತ್ತು ಕಿಲೋಗಳಿಗೂ ಮಿಕ್ಕು ತಿನ್ನಬೇಕು. ಅದು ಅಸಾಧ್ಯವಾದುದರಿಂದ ದೇಹ ತನ್ನ ಕಣಜದ ಕೊಬ್ಬನ್ನು ಕರಗಿಸುತ್ತದೆ. ದಿನಕ್ಕೆ ಹತ್ತು ರೂಪಾಯಿ ತಂದುಕೊಡುವ ಮಗನಿರುವ ಮನೆಯಲ್ಲಿ ನೂರು ರೂಪಾಯಿ ಖರ್ಚಾದರೆ ಮನೆ ಸಾಲಕ್ಕೆ ಬೀಳುವುದು ಸಹಜ. ಅದಕ್ಕಾಗಿ ಆ ಮಗನನ್ನು ಕಳ್ಳನೆಂದು ಕರೆಯುವುದು ನ್ಯಾಯವೆ? ಸೊಪ್ಪು ತರಕಾರಿಗಳು ನೀರಿನಿಂದಲೂ ನಾರಿನಿಂದಲೂ ಹೊಟ್ಟೆಯನ್ನು ತುಂಬಿ, ಹೆಚ್ಚು ಕೊಡುವ ಆಹಾರಕ್ಕೆ ಸ್ಥಳವಿಲ್ಲದಂತೆ ಮಾಡುತ್ತವೆ. ಅವುಗಳ ಉಪಕಾರ ಇಷ್ಟೇ, ಇದು ಸಣ್ಣದೂ ಅಲ್ಲ. ಆದರೆ ಎರಡು ಮುದ್ದೆಯ ಮೇಲೆ ತುಪ್ಪದ ಹೋಳಿಗೆಯನ್ನು ಉಂಡು, ಬಳಿಕ ಒಂದು ಬಟ್ಟಲು ಸೌತೆಕಾಯಿ ತಿಂದರೆ ಉಂಡುದು ಅಳಿಸಿಹೋಗುತ್ತದೆ ಎಂದು ನಂಬುವವನು ಕೂಡಿಸುವಲ್ಲಿ ಕಳೆದಿದ್ದಾನೆ.

ಇಲ್ಲಿಂದ ಮುಂದೆ ವಿಚಾರ ವಿಜ್ಞಾನವನ್ನು ದಾಟಿ ನೀತಿಯ ಕಡೆಗೆ ತಿರುಗುತ್ತದೆ. ತಿಂದರೂ ತಿನ್ನದಂತಿರುವ ಆಹಾರ ಬೇಕೆಂಬ ಬಯಕೆ ಎಲ್ಲಿಂದ ಹುಟ್ಟಿತು? ನಾಲಗೆಗೆ ಮಿತಿಯಿರಬಾರದು, ಆದರೆ ಅದರ ಪರಿಣಾಮವೂ ತನಗೆ ತಟ್ಟಬಾರದು ಎಂಬ ಮನಸ್ಸಿನಿಂದ. ಮೊದಲು ಅಗತ್ಯಕ್ಕೆ ಮೀರಿ ತೆಗೆದುಕೊಳ್ಳುವುದು. ಬಳಿಕ ತೆಗೆದುಕೊಂಡುದನ್ನು ಇಲ್ಲವಾಗಿಸಲು ಇನ್ನೊಂದನ್ನು ತೆಗೆದುಕೊಳ್ಳುವುದು. ಈ ರೋಗಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೇ ಒಬ್ಬ ಗೃಹಿಣಿ ಮದ್ದನ್ನು ಹೇಳಿದ್ದಾಳೆ. ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಸಂತೋಷಪಡಲಿಲ್ಲ. ಇಂದಿಗೆ ಬೇಕಾದುದನ್ನು ಉಳಿಸಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಶರಣರ ಈ ಕಥೆಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಲಕ್ಕಮ್ಮನ ವಿವೇಕ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಅವಳು ಮಿಕ್ಕ ಅಕ್ಕಿಯನ್ನು ಬೇಯಿಸುವ ಮೊದಲೇ ಹಿಂದಿರುಗಿಸಿದಳು. ಬೆಂದು ತಟ್ಟೆಗೆ ಬಂದು ಗಂಟಲಿನಿಂದ ಇಳಿದ ಮೇಲೆ ಹಿಂದಿರುಗಿಸುವ ದಾರಿ ಯಾವುದೂ ಇಲ್ಲ. ಇಂದಿನ ನಮ್ಮ ಶಾಸ್ತ್ರವೂ ಇದನ್ನೇ ಹೇಳುತ್ತದೆ.

ಇಷ್ಟಕ್ಕೆ ಮುಗಿಸಿದರೆ ಇದು ಉಳ್ಳವರಿಗೆ ಹೇಳಿದ ಮಿತಾಹಾರದ ಬೋಧೆಯಾದೀತು. ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸೃಷ್ಟಿಯಲ್ಲಿ ಇಲ್ಲದ, ಕೊಡುವುದಕ್ಕಿಂತ ಹೆಚ್ಚನ್ನು ಕಳೆಯುವ ಆ ಅನ್ನವನ್ನು ಮನುಷ್ಯನೇ ನಿರ್ಮಿಸಿದ ಪ್ರಸಂಗಗಳಿವೆ. ಅದರ ಘೋರವಾದ ಉದಾಹರಣೆ ನಮ್ಮ ನಾಡಿನಲ್ಲಿಯೇ ನಡೆದಿದೆ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದ ಹೆಸರನ್ನು ಹಿರಿಯರ ಬಾಯಿಂದ ಕೇಳದವರಿಲ್ಲ. ಸೋಂಪುರದ ಈ ನಾಡು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿದ್ದಿತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಬೆಳೆಯಬೇಕಾಗಿದ್ದ ನಾಡು ಹತ್ತು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರಷ್ಟು ಬರಿದಾಯಿತು. ಇದೇ ಕ್ಷಾಮದಲ್ಲಿ ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತದ ಪರಿಹಾರಕಾರ್ಯವನ್ನು ಪರಿಶೀಲಿಸಲು ಸರ್ಕಾರವು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿತು. ಮಿತವ್ಯಯವೇ ಪರಮಧರ್ಮವೆಂದು ಬಗೆದ ಆತನು 1877ರ ಆರಂಭದಲ್ಲಿ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತುಪಡಿಸಿದನು. ಮದರಾಸಿನ ಸ್ಯಾನಿಟರಿ ಕಮಿಷನರರಾಗಿದ್ದ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಈ ಕೂಲಿಯಿಂದ ದೇಹಗಳು ಕ್ಷಯಿಸುತ್ತವೆ ಎಂಬುದು ಅವರ ವಾದ. ಕೆಲವು ತಿಂಗಳ ಬಳಿಕ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿದ್ದಿತು.

ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಅದರಿಂದ ದೊರೆಯುವುದು ಹೆಚ್ಚೆಂದರೆ 1,600 ಕ್ಯಾಲೊರಿ. ಮಣ್ಣು ಅಗೆದು ಕಲ್ಲು ಹೊರುವವನಿಗೆ ಬೇಕಾದುದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿರ್ಧರಿಸಿದಂತೆ 65 ಕಿಲೋ ತೂಕದ, ಕಠಿಣ ದುಡಿಮೆಯ ಗಂಡಿಗೆ ದಿನಕ್ಕೆ ಸುಮಾರು 3,470 ಕ್ಯಾಲೊರಿ. ಅಂದಿನ ಕೂಲಿಯವನ ದೇಹ ಹಗುರವೆಂದು ಎಷ್ಟು ತಗ್ಗಿಸಿದರೂ ಆ ಧಾನ್ಯ ಸಾಲದು. ಅನ್ನ ಬೇಕಾದರೆ ದುಡಿಯಬೇಕು. ದುಡಿದರೆ ಅನ್ನ ಕೊಟ್ಟುದಕ್ಕಿಂತ ಹೆಚ್ಚು ದೇಹದಿಂದ ಹೋಗುತ್ತದೆ. ದುಡಿಯದಿದ್ದರೆ ಅದೂ ಇಲ್ಲ. ಕೆಲವರು ಇಂದು ಸೌತೆಕಾಯಿಯಲ್ಲಿ ಹುಡುಕುತ್ತಿರುವ ಗುಣ, ಸ್ವತಃ ಪುಷ್ಟಿಕರವಾದ ಧಾನ್ಯಕ್ಕೆ ಆ ಸರ್ಕಾರಿ ಆಜ್ಞೆಯಿಂದ ಬಂದಿತು. ದೋಷ ಕಾಳಿನಲ್ಲಿರಲಿಲ್ಲ. ಕಾಳನ್ನು ಕೊಡುವ ಕೈ ಅದಕ್ಕೆ ಬದಲಾಗಿ ಕೇಳಿದ ಬೆಲೆಯಲ್ಲಿತ್ತು. ಕರುಳು ಹತ್ತರಲ್ಲಿ ಒಂದನ್ನು ಮಾತ್ರ ಕೂಲಿಯಾಗಿ ತೆಗೆದುಕೊಂಡು ಒಂಬತ್ತನ್ನು ಒಡೆಯನಿಗೆ ಒಪ್ಪಿಸುತ್ತದೆ. ಅಷ್ಟು ಪ್ರಾಮಾಣಿಕತೆಯನ್ನು ಆ ಆಡಳಿತ ತೋರಲಿಲ್ಲ.

ಇದು ಎಂದೋ ನಡೆದ ಪರದೇಶೀಯರ ಕ್ರೌರ್ಯ, ನಮಗೇನು ಎಂದು ಕೈತೊಳೆದುಕೊಳ್ಳುವಂತಿಲ್ಲ. ಒಂದು ಹಿಡಿ ಅನ್ನಕ್ಕೆ ಎರಡು ಹಿಡಿ ಪ್ರಾಣವನ್ನು ಕೇಳುವ ವ್ಯವಸ್ಥೆ ಸಣ್ಣ ರೂಪದಲ್ಲಿ ನಮ್ಮ ಮನೆಗಳಲ್ಲಿಯೂ ಇರಬಹುದು. ನಸುಕಿನಲ್ಲಿ ಎದ್ದು, ನೀರು ಹೊತ್ತು, ಹಿಟ್ಟು ತಿರುವಿ, ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವ ತಾಯಿಯ ಲೆಕ್ಕವನ್ನು ಮನೆಯವರು ಎಂದಾದರೂ ಮಾಡಿದ್ದಾರೆಯೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ಕೊನೆಯ ಪಂಕ್ತಿಯಲ್ಲಿ ಉಳಿದುದನ್ನು ಉಣ್ಣುವ ಪದ್ಧತಿ ಅದಕ್ಕೆ ಮದ್ದಾಗಲಾರದು. ಹೊಲದ ಆಳಿಗೆ, ಕಟ್ಟಡದ ಕೂಲಿಗೆ, ಮನೆಗೆಲಸದವಳಿಗೆ ನಾವು ಕೊಡುವ ಕೂಲಿಯನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಅವರು ನಮಗಾಗಿ ವ್ಯಯಿಸಿದ ಬಲವನ್ನು ನಾವು ಕೊಟ್ಟುದು ಹಿಂದಕ್ಕೆ ತಂದುಕೊಡುತ್ತದೆಯೆ? ಅವರ ಮಕ್ಕಳಿಗೂ ವೃದ್ಧರಿಗೂ ಏನಾದರೂ ಉಳಿಯುತ್ತದೆಯೆ? ಉಳಿಯದಿದ್ದರೆ ಟೆಂಪಲ್ಲನ ಪೌಂಡು ಇನ್ನೂ ನಮ್ಮ ಕೈಯಲ್ಲಿದೆ ಎಂದೇ ತಿಳಿಯಬೇಕು.

ದಾಸೋಹದ ಹಿರಿಮೆ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಸೋಂಪುರದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ತುಮಕೂರಿನ ಶ್ರೀ ಸಿದ್ಧಗಂಗಾ ಕ್ಷೇತ್ರ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ದೀರ್ಘಕಾಲ ನಡೆಸಿಕೊಂಡು ಬಂದ ಅಲ್ಲಿನ ದಾಸೋಹದಲ್ಲಿ ಸಹಸ್ರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದಿ ಬೆಳೆದಿದ್ದಾರೆ. ಇಂತಹ ಮಠಗಳಲ್ಲಿ ಓದಿದವರಿಗೆ ಆ ಪಂಕ್ತಿಯ ನೆನಪು ಇದ್ದೇ ಇರುತ್ತದೆ. ಅಲ್ಲಿ ಬಡಿಸುವವನು ತಟ್ಟೆಯ ಮುಂದೆ ಕುಳಿತವನ ಹಸಿವನ್ನು ಮಾತ್ರ ನೋಡುತ್ತಾನೆ. ಅವನಿಂದ ಬರಬೇಕಾದ ಬೆಲೆಯನ್ನು ಎಣಿಸುವುದಿಲ್ಲ. ಇದರ ಅರ್ಥ ದುಡಿಮೆ ಬೇಡವೆಂದಲ್ಲ. ಶರಣರಷ್ಟು ದುಡಿಮೆಯನ್ನು ಗೌರವಿಸಿದವರು ವಿರಳ. ಆದರೆ ಕಾಯಕವು ದಾಸೋಹಕ್ಕೆ ಮೂಲವಾಯಿತೇ ಹೊರತು, ಹಸಿದವನ ಅನ್ನಕ್ಕೆ ತಡೆಯಾಗಲಿಲ್ಲ. ಬಲವಿದ್ದವನು ದುಡಿದು ತಂದು ಹಾಕುತ್ತಾನೆ. ಬಲವಿಲ್ಲದವನು ಉಂಡು ಬಲವಂತನಾಗಿ ನಾಳೆ ತಾನೂ ತಂದು ಹಾಕುತ್ತಾನೆ. ಬಳ್ಳಾರಿಯ ಕಾಮಗಾರಿಯಲ್ಲಿ ಅನ್ನ ಬಲವನ್ನು ಹಿಂಡಿತು. ದಾಸೋಹದಲ್ಲಿ ಅನ್ನ ಬಲವನ್ನು ಹುಟ್ಟಿಸುತ್ತದೆ. ಎರಡೂ ಕಡೆ ಧಾನ್ಯ ಅದೇ.

ಪದಾರ್ಥ, ಪ್ರಸಾದ ಎಂಬ ಎರಡು ಮಾತುಗಳನ್ನು ನಮ್ಮ ಹಿರಿಯರು ಬೇರೆಬೇರೆಯಾಗಿ ಬಳಸಿದರು. ಹೊಲದಿಂದ ಬಂದುದು ಪದಾರ್ಥ, ಅರ್ಪಿತವಾದುದು ಪ್ರಸಾದ. ಪದಾರ್ಥದ ಲೆಕ್ಕವನ್ನು ಅಟ್‌ವಾಟರರ ಕೋಣೆ ಅಳೆಯಬಲ್ಲುದು. ಆ ಲೆಕ್ಕ ನಮಗೆ ಹೇಳುವುದೂ ಒಂದು ದೊಡ್ಡ ಮಾತನ್ನೇ: ಒಂದು ಹೋಳು ಸೌತೆಕಾಯಿಯೂ ತನ್ನ ಕೂಲಿಯನ್ನು ತೆಗೆದುಕೊಂಡು ಮಿಕ್ಕುದನ್ನು ಕೊಟ್ಟೇ ಹೋಗುತ್ತದೆ. ಭೂಮಿ ನಮ್ಮೊಡನೆ ಇಷ್ಟು ನೇರವಾಗಿ ನಡೆದುಕೊಂಡಿದೆ. ಆ ಪದಾರ್ಥ ಪ್ರಸಾದವಾಗುವುದೋ ಋಣವಾಗುವುದೋ ಎಂಬುದು ತೆಗೆದುಕೊಳ್ಳುವವನ ಮಿತಿಯಲ್ಲಿಯೂ ಕೊಡುವವನ ನ್ಯಾಯದಲ್ಲಿಯೂ ಇದೆ.

ಆದುದರಿಂದ ಭಕ್ತರು ಕಳೆಯುವ ಅನ್ನವನ್ನು ಅರಸುತ್ತ ಅಂಗಡಿಗಳನ್ನು ಅಲೆಯಬೇಕಾಗಿಲ್ಲ. ದೇಹಕ್ಕೆ ಭಾರವಾಗಿದ್ದರೆ ಲಕ್ಕಮ್ಮನಂತೆ ಒಲೆಗೆ ಏರಿಸುವ ಮೊದಲೇ ಒಂದು ಹಿಡಿಯನ್ನು ತೆಗೆದಿಡಲಿ. ಸೊಪ್ಪು ತರಕಾರಿಗಳನ್ನು ಪ್ರೀತಿಯಿಂದ ತಿನ್ನಲಿ, ಅವುಗಳಿಂದ ಪವಾಡವನ್ನು ನಿರೀಕ್ಷಿಸದಿರಲಿ. ತೆಗೆದಿಟ್ಟ ಆ ಹಿಡಿ ಯಾರ ತಟ್ಟೆಗೆ ಸೇರಬೇಕಾಗಿತ್ತು ಎಂಬುದನ್ನೂ ಅದೇ ಹೊತ್ತಿನಲ್ಲಿ ಕೇಳಿಕೊಳ್ಳಲಿ. ತಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ತಮ್ಮ ಹೊಲದಲ್ಲಿ ಹೆಚ್ಚು ದುಡಿಯುವವರು ಯಾರು ಎಂಬುದನ್ನು ನೋಡಿ, ಅವರ ಪಾಲನ್ನು ಮೊದಲು ಬಡಿಸಲಿ.